ಕೋಣೆಗಳ ಗುಣ ನೋಡುವ ಗುನ್ವೋರ್

ಗುನ್ವೋರ್ ಸಂಡೆಲಿನ್ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಮೇಜು ನೋಡುತ್ತಿದ್ದಳು. ಬಾಗಿಲ ಮೇಲಿನ ಫಲಕವನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಫಲಕ ಬರೆಸಿದವರು ಎಂದೋ ನಿವೃತ್ತರಾಗಿರುತ್ತಾರೆ, ಮೇಜಿನ ಮೇಲಿರುವುದು ಮಾತ್ರ ಇವತ್ತಿನದು ಎನ್ನುವುದು ಅವಳ ವಾದ. ಉತ್ತರ ಸ್ವೀಡನ್ನಿನ ಕಡಲ ದಂಡೆಯಲ್ಲಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಯಾವುದು ಪಾಠದ ಕೋಣೆ, ಯಾವುದು ಪ್ರಯೋಗಾಲಯ, ಯಾವುದು ಬರೀ ಹರಟೆಯ ಜಾಗ ಎಂದು ತೀರ್ಮಾನಿಸುವುದು ಅವಳ ಕೆಲಸ. ಇಂಥ ಕೆಲಸಕ್ಕೂ ಸಂಬಳ ಕೊಡುತ್ತಾರಾ ಎಂದು ಮೊದಮೊದಲು ನಾನೂ ನಗುತ್ತಿದ್ದೆ. ನಾನು ಸೀವರ್ಟ್, ಕಟ್ಟಡದ ಬೀಗದ ಕೈ ನೋಡಿಕೊಳ್ಳುವವನು. ಅಳತೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡು ಅವಳ ಹಿಂದೆ ಅಲೆಯುವವನೂ ನಾನೇ ಆದೆ.

ಅವಳಿಗೆ ಮುಖದಾಕ್ಷಿಣ್ಯ ಎಂಬುದೇ ಇರಲಿಲ್ಲ. ಭೂಗರ್ಭಶಾಸ್ತ್ರದ ಪ್ರೊಫೆಸರರೊಬ್ಬರು ಹತ್ತು ಹನ್ನೆರಡು ವರ್ಷದಿಂದ ಒಂದು ಕೋಣೆಯನ್ನು ಪ್ರಯೋಗಾಲಯ ಎಂದು ಹೇಳಿಕೊಂಡು ಬಂದಿದ್ದರು. ಗುನ್ವೋರ್ ಒಳಗೆ ಹೋದಳು, ಮೇಜಿನ ಮೇಲೆ ಬೆರಳಾಡಿಸಿ ಮೂಸಿದಳು. ಹಿಮದ ಮೇಲೆ ಜಾರುವ ಹಲಗೆಗಳಿಗೆ ಹಚ್ಚುವ ಮೇಣ ಅದು. ಪ್ರೊಫೆಸರರು ಅಲ್ಲಿ ಪರೀಕ್ಷಿಸುತ್ತಿದ್ದುದು ಕಲ್ಲನ್ನಲ್ಲ, ಭಾನುವಾರದ ಸವಾರಿಯನ್ನು. ಅವರೆದುರಿಗೇ ಅದನ್ನು ಸಾಮಾನು ಕೋಣೆ ಎಂದು ಬರೆದಳು. ಎರಡನೇ ಮಹಡಿಯ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹುಡುಗರು ದಿನವೂ ಕೂತು ಲೆಕ್ಕ ಬಿಡಿಸುವುದನ್ನು ಕಂಡು, ಬಾಗಿಲೇ ಇಲ್ಲದ ಆ ಮೂಲೆಯನ್ನು ಪಾಠದ ಜಾಗವೆಂದು ಸೇರಿಸಿ, ನನ್ನ ಕೈಲಿ ಅಲ್ಲೊಂದು ಕಪ್ಪು ಹಲಗೆ ಹೊಡೆಸಿದಳು. ಮನೆಯಲ್ಲೂ ಅದೇ ಚಾಳಿ. ಗಂಡನ ಗ್ಯಾರೇಜನ್ನು ಅವಳು ಮಲಗುವ ಕೋಣೆಗಳ ಸಾಲಿಗೆ ಸೇರಿಸಿದ್ದಳಂತೆ, ಅವನು ಅಲ್ಲಿ ಕಾರಿನ ಕೆಲಸ ಮಾಡಿದ್ದನ್ನು ಯಾರೂ ನೋಡಿರಲಿಲ್ಲವಂತೆ.

ಆ ಚಳಿಗಾಲ ಮೇಲಿನಿಂದ ಹೊಸ ಅಪ್ಪಣೆ ಬಂತು. ಮಹಡಿಗೊಂದೇ ಕಾಫಿ ಕೋಣೆ. ಹೆಚ್ಚಿಗೆ ಇರುವುದನ್ನೆಲ್ಲ ಕಂಪ್ಯೂಟರ್ ಇಡಲು ಬಿಟ್ಟುಕೊಡಬೇಕು. ಕೋಣೆಗಳ ಎಣಿಕೆಗೆಂದು ತಾತ್ಕಾಲಿಕವಾಗಿ ಇಬ್ಬರು ಹುಡುಗರನ್ನು ತೆಗೆದುಕೊಂಡಿದ್ದರು. ಮೂರನೇ ಮಹಡಿಯ ಕೊನೆಯ ಕೋಣೆಗೆ ಅವರು ಹೋದಾಗಲೆಲ್ಲ ಅಲ್ಲಿ ಕಾಫಿ ಬಟ್ಟಲುಗಳಿದ್ದವು, ನಗು ಇತ್ತು, ಪುಸ್ತಕ ಒಂದೂ ಇರಲಿಲ್ಲ. ನಮ್ಮ ಜನಕ್ಕೆ ಕಾಫಿ ಬಂತೆಂದರೆ ಕೆಲಸ ನಿಂತಿತು ಎಂದೇ ಅರ್ಥ. ಕೈಯಲ್ಲಿ ಬಟ್ಟಲು ಹಿಡಿದವರು ಕೆಲಸ ಮಾಡುತ್ತಿರಬಹುದು ಎಂದು ಇಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಆ ಇಬ್ಬರು ಹುಡುಗರು ಅದನ್ನು ಕಾಫಿ ಕೋಣೆ ಎಂದು ಬರೆದು ಮುಂದೆ ಹೋದರು.

ಆದರೆ ಅದು ಹಿಲ್ಯಾ ನಿಸ್ಕಳ ತರಗತಿ. ಫಿನ್ಲೆಂಡಿನ ಗಡಿಯ ಟೋರ್ನೆ ನದಿ ಕಣಿವೆಯ ಜನ ತಲೆತಲಾಂತರದಿಂದ ಆಡಿಕೊಂಡು ಬಂದ ಮೆಅಂಕಿಯೆಲಿ ಎಂಬ ಭಾಷೆಯನ್ನು ಆ ಮುದುಕಿ ಅಲ್ಲಿ ಏಳೆಂಟು ಮಂದಿಗೆ ಕಲಿಸುತ್ತಿದ್ದಳು. ಹಿಂದೆ ಆ ಕಣಿವೆಯ ಶಾಲೆಗಳಲ್ಲಿ ಮಕ್ಕಳು ಅಂಗಳದಲ್ಲೂ ಸ್ವೀಡಿಷ್ ಬಿಟ್ಟು ಬೇರೆ ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಈಗಿನ ಮಕ್ಕಳು ತಮ್ಮ ಅಜ್ಜಿಯ ಮಾತನ್ನು ವಿಶ್ವವಿದ್ಯಾಲಯಕ್ಕೆ ಬಂದು ಕಲಿಯಬೇಕಾಗಿತ್ತು. ಕೋಣೆ ಹೋದರೆ ಮುಂದಿನ ವರ್ಷದ ಪಟ್ಟಿಯಲ್ಲಿ ತರಗತಿಯೂ ಇಲ್ಲ. ಹಿಲ್ಯಾ ಮನೆಗೆ ಹೋಗುತ್ತಾಳೆ, ಅವಳ ಜಾಗಕ್ಕೆ ಬರುವವರು ಯಾರೂ ಇಲ್ಲ.

ಹಿಲ್ಯಾ ಸೀದಾ ಗುನ್ವೋರಳ ಮೇಜಿನ ಮುಂದೆ ಬಂದು ನಿಂತಳು. ಬೇಡಲಿಲ್ಲ, ಅಳಲಿಲ್ಲ. ಒಮ್ಮೆ ಬಂದು ಕೂತು ನೋಡು, ಆಮೇಲೆ ಏನು ಬೇಕಾದರೂ ಬರಿ ಎಂದಳು.

ಗುನ್ವೋರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ಬರ್ತೀನಿ. ಆದ್ರೆ ಕಂಡಿದ್ದನ್ನೇ ಬರೀತೀನಿ. ಕರುಣೆ ಗಿರುಣೆ ಕೇಳ್ಬೇಡ."

ಹೇಳಿದವಳು ಹೋಗಲಿಲ್ಲ. ಇವತ್ತು ಹವೆ ಸರಿಯಿಲ್ಲ, ನಾಳೆ ಸಭೆ ಇದೆ, ನಾಡಿದ್ದು ಕೆಳಗಿನ ಮಹಡಿ ಬಾಕಿ ಇದೆ. ಪ್ರೊಫೆಸರರ ಮುಖಕ್ಕೇ ಹೊಡೆದ ಹಾಗೆ ಮಾತಾಡುವ ಹೆಂಗಸು ಒಬ್ಬ ಮುದುಕಿಯ ಕೋಣೆಗೆ ಹೆದರುತ್ತಿದ್ದಾಳಲ್ಲ ಎಂದು ನನಗೆ ಸೋಜಿಗ. ಏನೇ, ಆ ಕೋಣೆಯಲ್ಲಿ ಕರಡಿ ಕಟ್ಟಿದ್ದಾರಾ ಎಂದು ಛೇಡಿಸಿದೆ. ಕೊನೆಗೆ ಒಂದು ಗುರುವಾರ ಕೋಟಿನ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು ಎದ್ದಳು. ಕಟ್ಟಡದೊಳಗೇ ಮೂರನೇ ಮಹಡಿಗೆ ಹೋಗಲು ಕೋಟು.

ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಹೂವಿನ ಚಿತ್ರದ ಮೇಣದ ಬಟ್ಟೆ. ಮಕ್ಕಳೆಲ್ಲ ಸುತ್ತ ಕೂತಿದ್ದರು. ಹಿಲ್ಯಾ ಸಕ್ಕರೆ ಗಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಾಫಿಯನ್ನು ತಟ್ಟೆಗೆ ಬಗ್ಗಿಸಿ, ಸೊರ್ ಎಂದು ಹೀರುತ್ತಿದ್ದಳು. ಆ ಕಣಿವೆಯ ರೂಢಿಯಂತೆ ಎಲ್ಲರ ಬಟ್ಟಲಲ್ಲೂ ಗಿಣ್ಣಿನಂಥ ಚೀಸಿನ ತುಂಡುಗಳು ತೇಲುತ್ತಿದ್ದವು. ಗುನ್ವೋರ್ ಮೂಲೆಯ ಕುರ್ಚಿ ಹಿಡಿದು ಕಲ್ಲಿನ ಹಾಗೆ ಕೂತಳು. ನಾನು ಕಿಟಕಿಯ ಬಳಿ ನಿಂತೆ. ನನಗೆ ಆ ಭಾಷೆಯ ಒಂದಕ್ಷರ ಬಾರದು.

ಹಿಲ್ಯಾ ಏನೋ ಕಥೆ ಹೇಳುತ್ತಿದ್ದಳು. ಹಸು, ದೋಣಿ, ಕುಡಿದ ಗಂಡಸು ಇವು ಅವಳ ಕೈ ಆಡಿಸುವುದರಲ್ಲೇ ತಿಳಿಯುತ್ತಿದ್ದವು. ಕಥೆ ಮುಗಿಯಿತು. ಮಕ್ಕಳು ಕ್ಷಣ ಬಿಟ್ಟು, ಅರ್ಥ ಕೂಡಿಸಿಕೊಂಡು ನಕ್ಕರು. ಗುನ್ವೋರಳ ತುಟಿ ಮಾತ್ರ ಅವರಿಗಿಂತ ಮೊದಲೇ ಅಲುಗಿತು. ನಾನು ನೋಡಿದೆ. ಹಿಲ್ಯಾಳೂ ನೋಡಿದಳು.

ಆಮೇಲೆ ಹಿಲ್ಯಾ ಕಾಫಿ ಕೆಟಲು ಎತ್ತಿಕೊಂಡು ಹೊರಟಳು. ಒಬ್ಬೊಬ್ಬರ ಎದುರೂ ನಿಂತು ಏನೋ ಕೇಳುವುದು, ಅವರು ಆ ಭಾಷೆಯಲ್ಲೇ ಉತ್ತರ ಕೊಟ್ಟರೆ ಮಾತ್ರ ಬಟ್ಟಲು ತುಂಬುವುದು. ಉತ್ತರ ತಡವರಿಸಿದರೆ ಕೆಟಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಪರೀಕ್ಷೆ ಎಂದರೆ ಅದೇ. ಕೊನೆಗೆ ಗುನ್ವೋರಳ ಎದುರೂ ಒಂದು ಬಟ್ಟಲು ಇಟ್ಟು ನಿಂತಳು.

ಗುನ್ವೋರ್ ಸ್ವೀಡಿಷ್‌ನಲ್ಲಿ ತನಗೆ ಬೇಡ ಎಂದಳು. ಕೆಟಲು ಕದಲಲಿಲ್ಲ. ಅವಳ ಕತ್ತು ಕೆಂಪಗಾಯಿತು. ಕೋಟಿನ ಮೇಲಿನ ಗುಂಡಿ ಬಿಚ್ಚಿದಳು. ಆಮೇಲೆ ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ ಏನೋ ಅಂದಳು. ನನ್ನ ಪಕ್ಕದ ಹುಡುಗಿ ಕಿವಿಯಲ್ಲಿ ಅರ್ಥ ಹೇಳಿದಳು: "ದೊಡ್ಡಮ್ಮಾ, ನಂಗೂ ಹಾಕು. ಗಿಣ್ಣು ದೊಡ್ಡ ಚೂರು ಹಾಕು."

ಮುಡಿ ನರೆತ ಹೆಂಗಸಿನ ಬಾಯಲ್ಲಿ ಒಂದನೇ ತರಗತಿಯ ಹುಡುಗಿಯ ಮಾತು. ಆ ಭಾಷೆ ಅವಳಲ್ಲಿ ನಿಂತದ್ದೇ ಅಲ್ಲಿ, ಶಾಲೆಗೆ ಸೇರಿದ ದಿನ. ಯಾರೂ ನಗಲಿಲ್ಲ. ಹಿಲ್ಯಾ ಗಿಣ್ಣಿನ ದೊಡ್ಡ ಚೂರು ಹಾಕಿದಳು, ಆದರೆ ಕಾಫಿ ಹಾಕಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದಳು. ನೀನು ಏನು ಕೆಲಸ ಮಾಡ್ತೀ ಮಗಳೇ ಎಂದು ಕೇಳಿದಳಂತೆ.

ಗುನ್ವೋರಳ ಬಳಿ ಹಸು, ಕರು, ಹಿಮ, ದೋಣಿ ಇದ್ದವು, ಬೆಳೆದವರ ಕೆಲಸಕ್ಕೆ ಮಾತಿರಲಿಲ್ಲ. ಹಿಲ್ಯಾ ಒಂದೊಂದೇ ಪದ ಕೊಟ್ಟಳು. ಗುನ್ವೋರ್ ಅದನ್ನು ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಎಷ್ಟೋ ಹೊತ್ತಿನ ಮೇಲೆ ವಾಕ್ಯ ಪೂರಾ ಆಯಿತು. ಬಟ್ಟಲೂ ತುಂಬಿತು. ನನಗೋ, ನನ್ನದೇ ಮಗು ವೇದಿಕೆ ಹತ್ತಿದ ಹಾಗಿತ್ತು.

ಹೊರಗೆ ಬಂದ ಮೇಲೆ ಕೇಳಿದೆ. "ಇಷ್ಟು ವರ್ಷ ಜೊತೇಲಿದ್ದೀವಿ, ಆ ಭಾಷೆ ಬರುತ್ತೆ ಅಂತ ಹೇಳೇ ಇಲ್ವಲ್ಲೇ?"

"ಬರ್ತಿತ್ತು. ಶಾಲೆಗೆ ಹೋದೆ, ಹೋಯ್ತು," ಎಂದಳು.

ಈ ಸಲದ ಪಟ್ಟಿಯನ್ನು ಕೊನೆಗೆ ಬರೆಯುವವನು ನಮ್ಮ ಮೇಲಧಿಕಾರಿ ಸ್ಟಫಾನ್. ಒಳ್ಳೆಯ ಹುಡುಗ, ಆದರೆ ನಿಯಮ ಎಂದರೆ ಗೀಟು ದಾಟದವನು. ಗುನ್ವೋರ್ ಸಭೆಯಲ್ಲಿ ಮೂರನೇ ಮಹಡಿಯ ಕೋಣೆಯನ್ನು ಪಾಠದ ಕೋಣೆ ಮಾಡಬೇಕು ಎಂದಾಗ ಅವನು ಎಣಿಕೆಯ ಹಾಳೆ ಎತ್ತಿ ತೋರಿಸಿದ. ಪ್ರತಿ ಸಲವೂ ಕಾಫಿ, ಪ್ರತಿ ಸಲವೂ ಹರಟೆ. ನಾಲ್ಕು ಜನರೆದುರು ಹೀಗೆ ನಿಂತು ವಕಾಲತ್ತು ಮಾಡುವುದು ಅವಳ ಜಾಯಮಾನವಲ್ಲ, ಅದು ಅವನಿಗೂ ಗೊತ್ತಿತ್ತು.

"ನೀನೇ ಅಲ್ಲಿ ಕೂತು ಕಾಫಿ ಕುಡಿದು ಬಂದಿದ್ದೀಯಂತೆ," ಎಂದ ನಗುತ್ತಾ. "ಇನ್ನೇನು ಸಾಕ್ಷಿ ಬೇಕು? ಪಾಠ ಆಯ್ತು ಅಂತೀಯಲ್ಲ, ಏನು ಕಲಿತೆ ಹೇಳು."

ಜಾರಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

"ನಮ್ಮಮ್ಮ ಕೊನೇ ವರ್ಷ ಆಸ್ಪತ್ರೇಲಿದ್ಲು. ಸ್ವೀಡಿಷ್ ಪೂರ್ತಿ ಮರೆತುಬಿಟ್ಟಿದ್ಲು. ನಾನು ಹೋದಾಗೆಲ್ಲ ಕೈ ಹಿಡ್ಕೊಂಡು ಒಂದೇ ಮಾತು ಕೇಳ್ತಿದ್ಲು, ನೀನು ಏನು ಕೆಲಸ ಮಾಡ್ತೀ ಮಗಳೇ ಅಂತ. ನಂಗೆ ಅರ್ಥ ಆಗ್ತಿತ್ತು. ಹೇಳೋಕೆ ಬರ್ತಿರಲಿಲ್ಲ. ನಾನು ಸ್ವೀಡಿಷ್‌ನಲ್ಲಿ ಹೇಳ್ತಿದ್ದೆ, ಅವಳು ಮತ್ತೆ ಕೇಳ್ತಿದ್ಲು. ಹಾಗೇ ಕೇಳ್ತಾ ಕೇಳ್ತಾ ಹೋದ್ಲು."

ಸ್ಟಫಾನ್ ಹಾಳೆ ಕೆಳಗಿಟ್ಟ.

"ಜನ ಕೋಣೇಲಿ ಕೂತು ಏನು ಮಾಡ್ತಾರೆ ಅಂತ ನೋಡೋದು ನನ್ನ ಕೆಲಸ, ಅಮ್ಮಾ. ಅಮ್ಮಂಗೆ ಹೇಳ್ಬೇಕಾಗಿದ್ದಿದ್ದು ಇಷ್ಟೇ ಮಾತು. ಇದನ್ನ ನಮ್ಮ ಭಾಷೇಲಿ ಹೇಳೋಕೆ ಗುರುವಾರ ಆ ಮುದುಕಿ ಹತ್ರ ಕಲಿತೆ." ಗುನ್ವೋರ್ ಹಾಳೆಯನ್ನು ಅವನ ಕಡೆ ತಳ್ಳಿದಳು. "ಪಾಠದ ಕೋಣೆ ಅಂತ ಬರಿ, ಸ್ಟಫಾನ್."

ಅವನು ಬರೆದ.