ದುರ್ಬೀನಿಗೆ ದೃಷ್ಟಿ ತೆಗೆದದ್ದು

ಕಲೆ ಮೊದಲು ಕಂಡದ್ದು ಆಂಡ್ರೊಮೆಡಾ ಗೆಲಾಕ್ಸಿಯ ಚಿತ್ರದಲ್ಲಿ. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆಲಾಕ್ಸಿ ಓರೆಯಾಗಿ ಮಲಗಿತ್ತು. ನಡುವೆ ಬೆಳ್ಳಗಿತ್ತು, ಅಂಚಿಗೆ ಹೋದಂತೆ ಬೂದಿಯ ಬಣ್ಣ. ಬಲಕ್ಕೆ, ತುಸು ಕೆಳಗೆ, ಕುಂಕುಮದ ಬೊಟ್ಟಿನಷ್ಟು ದುಂಡಗಿನ ಒಂದು ಮಬ್ಬು. ಗೆಲಾಕ್ಸಿಗಳ ಒಳಗೆ ಧೂಳಿನ ಕಪ್ಪು ಪಟ್ಟಿಗಳಿರುತ್ತವೆ ಎಂದು ಓದಿದ್ದೆ. ಅಂಥದೇ ಏನೋ ನನ್ನ ಚಿಕ್ಕ ದುರ್ಬೀನಿಗೆ ಸಿಕ್ಕಿದೆ ಎಂದು ಖುಷಿಪಟ್ಟೆ.

ಮರುದಿನ ರಾತ್ರಿ ದುರ್ಬೀನನ್ನು ಪಕ್ಕದ ತ್ರಿಕೋನ ನಕ್ಷತ್ರಪುಂಜದ ಗೆಲಾಕ್ಸಿಯ ಕಡೆ ತಿರುಗಿಸಿದೆ. ಅದು ಬೇರೆಯದೇ ಗೆಲಾಕ್ಸಿ, ಆಕಾರವೂ ಬೇರೆ. ಚಿತ್ರ ಸಿದ್ಧವಾದಾಗ ಮಬ್ಬು ಅಲ್ಲೇ ಇತ್ತು. ಬಲಕ್ಕೆ, ತುಸು ಕೆಳಗೆ.

ಎರಡು ಗೆಲಾಕ್ಸಿಗಳಿಗೆ ಒಂದೇ ಜಾಗದಲ್ಲಿ ಕಲೆ ಇರಲಾರದು. ಎರಡನ್ನೂ ನೋಡಿದ ಕಣ್ಣು ಮಾತ್ರ ಒಂದೇ.

ಹಾವೇರಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನಾನು ಸಿಸ್ಟರ್ ಆಗಿದ್ದವಳು. ಬ್ಯಾಡಗಿಯಿಂದ ದಿನಾ ಓಡಾಡಿದೆ. ನನ್ನ ಕೈಯಿಂದ ಕತ್ತರಿ, ಚಿಮಟ, ಹತ್ತಿಯ ಉಂಡೆ ಯಾವುದೂ ಎಣಿಕೆ ತಪ್ಪಿದ್ದಿಲ್ಲ. ಆಯುಷ್ಯವೆಲ್ಲ ಥಿಯೇಟರಿನ ದೀಪದ ಕೆಳಗೆ ಕಳೆದವಳಿಗೆ ನಿವೃತ್ತಿಯಾದ ಮೇಲೆ ಕತ್ತಲೆ ಬೇಕೆನಿಸಿತು. ಕಾಗಿನೆಲೆ ರಸ್ತೆಯ ಕಡೆ ಊರಿನ ಅಂಚಿಗಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಅದು ಬೇಕಾದಷ್ಟಿತ್ತು. ದುರ್ಬೀನು, ಅದನ್ನು ಆಕಾಶದ ಜೊತೆ ತಿರುಗಿಸುವ ಮೋಟಾರು, ಹಿಂಬದಿಗೆ ಕೂಡಿಸುವ ಕ್ಯಾಮೆರಾ, ಎಲ್ಲ ತರಿಸಿದೆ. ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಹಿತ್ತಲಿಗೆ ಹೋಗುವುದು, ಒಂದೇ ಕಡೆ ಮತ್ತೆ ಮತ್ತೆ ಚಿತ್ರ ತೆಗೆಯುವುದು, ಮಲಗುವ ಹೊತ್ತಿಗೆ ಎಲ್ಲವನ್ನೂ ಮುಚ್ಚಿಡುವುದು. ಮರುದಿನ ಕಂಪ್ಯೂಟರು ಆ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿದಾಗ, ಬರಿಗಣ್ಣಿಗೆ ಇಲ್ಲವೇ ಇಲ್ಲ ಎನಿಸುವ ಬೆಳಕು ಮೆಲ್ಲಗೆ ಮೇಲೆ ಬರುತ್ತದೆ.

ಯಂತ್ರದ ಮೇಲೆ ನನಗೆ ಸಂಶಯವೇ ಬರಲಿಲ್ಲ. ಕೊಂಡು ತಂದ ದಿನವೇ ಬಿಳಿ ಬಟ್ಟೆಯ ಚಿತ್ರ ತೆಗೆದಿದ್ದೆ. ದುರ್ಬೀನಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಹಗಲು ಬೆಳಕಿನಲ್ಲಿ ಒಂದು ಚಿತ್ರ ತೆಗೆದರೆ ಗಾಜಿನ ಮೇಲೆ ಎಲ್ಲಿ ಕಸವಿದೆ ಎಂಬುದು ನೆರಳಾಗಿ ಬೀಳುತ್ತದೆ. ಆಮೇಲೆ ಕಂಪ್ಯೂಟರು ಆ ನೆರಳನ್ನು ಗೆಲಾಕ್ಸಿಯ ಚಿತ್ರದಿಂದ ತೆಗೆದುಹಾಕುತ್ತದೆ. ನನ್ನ ಬಟ್ಟೆಯ ಚಿತ್ರ ಹಾಲಿನಷ್ಟು ಶುದ್ಧವಾಗಿತ್ತು. ಅದನ್ನೇ ಪ್ರತಿ ಸಲ ಬಳಸುತ್ತಿದ್ದೆ. ಥಿಯೇಟರಿನಲ್ಲಿ ಒಮ್ಮೆ ಶುದ್ಧ ಎಂದು ಮುಚ್ಚಿಟ್ಟ ತಟ್ಟೆಯನ್ನು ಯಾರೂ ಮತ್ತೆ ಬಿಚ್ಚಿ ನೋಡುವುದಿಲ್ಲ.

ಹೀಗಾಗಿ ಉಳಿದದ್ದು ನನ್ನ ಬಲಗಣ್ಣು. ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಿನಿಂದ ಪರದೆ ನೋಡಿದೆ. ಕಲೆ ಇರಲಿಲ್ಲ. ಕೈ ತೆಗೆದೆ. ಕಲೆ ಬಂತು. ಮಂದಗಣ್ಣಿಗೆ ಅಷ್ಟು ತೆಳುವಾದ ಮಬ್ಬು ಕಾಣುವುದೇ ಇಲ್ಲ ಎಂಬ ಸಣ್ಣ ಲೆಕ್ಕ ಆಗ ಹೊಳೆಯಲಿಲ್ಲ. ನೋಟ ಸರಿಸಿದರೆ ಕಲೆ ಅಲ್ಲೇ ನಿಲ್ಲುತ್ತಿತ್ತೋ, ಜೊತೆಗೆ ಬರುತ್ತಿತ್ತೋ, ಹೆದರಿದವಳಿಗೆ ಎರಡೂ ಖರೆ ಅನಿಸುತ್ತಿತ್ತು.

ಅವ್ವನಿಗೂ ಹೀಗೇ ಶುರುವಾಗಿತ್ತು. ಅವಳ ತವರು ಗಳಗನಾಥ. ವರದಾ ಬಂದು ತುಂಗಭದ್ರೆಯನ್ನು ಕೂಡುವ ದಡದಲ್ಲಿ ಒಂದು ಮುಂಜಾನೆ ನನ್ನ ಕೈ ಹಿಡಿದು ನಿಂತು, "ಒಂದ ಹೊಳಿ ಕಾಣತೈತಲ್ಲ, ಇನ್ನೊಂದು ಎಲ್ಲಿ ಹೋತು?" ಎಂದಳು. ನಾವು ನಕ್ಕೆವು. ಅವಳೂ ನಕ್ಕಳು. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿತ್ತು. ನೋವಿಲ್ಲ, ಕೆಂಪಿಲ್ಲ, ಅಂಚಿನಿಂದ ಒಂದೊಂದೇ ತುಂಡು ಹೋಗುತ್ತದೆ. ಕಡೆಗೆ ಎರಡೂ ಹೊಳೆ ಹೋಗಿ ಅವಳಿಗೆ ಸಪ್ಪಳವಷ್ಟೇ ಉಳಿಯಿತು. ಈ ಬೇನೆ ರಕ್ತದಲ್ಲಿ ಬರುತ್ತದೆ ಎಂಬುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಕಣ್ಣಿನ ಶಿಬಿರಗಳಲ್ಲಿ ಹನಿ ಹಾಕುತ್ತ, "ಕಲೆ ಕಂಡ್ರ ತಡಾ ಮಾಡಬ್ಯಾಡ್ರಿ. ಹೋದ ಕಣ್ಣು ಹೊಳ್ಳಿ ಬರಂಗಿಲ್ಲ" ಎಂದು ನಾನೇ ಮಂದಿಗೆ ಹೇಳುತ್ತಿದ್ದೆ.

ಈಗ ನಾನೇ ತಡ ಮಾಡಿದೆ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಒಂದೂ ಬಿಡದೆ ಓದುತ್ತಿದ್ದೆ. ಅಕ್ಕಿ ಆರಿಸುವಾಗ ಕಲ್ಲು ಸಿಗದಿದ್ದರೆ ಮತ್ತೆ ಮೊದಲಿನಿಂದ ಆರಿಸುತ್ತಿದ್ದೆ. ಕಲ್ಲು ಇಲ್ಲವೋ, ನನಗೆ ಕಾಣಲಿಲ್ಲವೋ? ಮುಚ್ಚಿದ ಕಣ್ಣಿನಿಂದ ದೇವರ ಕೋಣೆಯಿಂದ ಬಚ್ಚಲತನಕ ನಡೆದು ನೋಡಿದೆ. ಗೋಡೆ ಸವರುವ ನನ್ನ ಕೈ ಅವ್ವನ ಕೈಯೇ ಅನಿಸಿತು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಮನೆಯಲ್ಲೇ ಇತ್ತು. ಯಜಮಾನರನ್ನು ಕರೆದು, ಇಲ್ಲಿ ನಿಮಗೆ ಏನಾದರೂ ಕಾಣುತ್ತದೆಯೇ ಎಂದು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಇಲ್ಲ ಎಂದುಬಿಟ್ಟರೆ ಆಮೇಲೆ ಸಂಶಯಪಡಲು ಕೂಡ ನನಗೇನೂ ಉಳಿಯುತ್ತಿರಲಿಲ್ಲ.

ಅವರು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಮಾಲು ನೋಡುವವರು. ಕಾಯಿಯ ಬಣ್ಣ ನೋಡಿ ದರ್ಜೆ ಹೇಳುವುದು ಅವರ ಕೆಲಸ. ಸಂಜೆ ಮೈತುಂಬ ಕಾಯಿಯ ಧೂಳು ಹೊತ್ತು ಬಂದು, ಅಂಗಳದಲ್ಲೇ ಅಂಗಿ ಕೊಡವಿ, ಚಹಾ ಹಿಡಿದು ನನ್ನ ಪಕ್ಕ ಕೂತು ಚಿತ್ರ ನೋಡುತ್ತಿದ್ದರು. "ಸಿಸ್ಟರಬಾಯಾರ, ಒಗ್ಗರಣಿ ಹೊಗಿ ಇದ್ದಂಗ ಐತಲ್ಲ ಇದು" ಎಂದು ಕಾಡುತ್ತಿದ್ದರು. ಈಚೆಗೆ ಅದೂ ನಿಂತಿತ್ತು. ಒಂದು ಸಲ ನೋಡಿ, "ಚಲೋ ಬಂದೈತಿ" ಎಂದು ಎದ್ದುಹೋಗುತ್ತಿದ್ದರು. ಮನೆಗೆ ತಂದ ಕಾಯಿಯನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನನ್ನದೇ ಹೆದರಿಕೆಯಲ್ಲಿದ್ದ ನಾನು ಅದನ್ನು ಗಮನಿಸಿಯೂ ಗಮನಿಸಲಿಲ್ಲ.

ಕಡೆಗೊಂದು ದಿನ ಪರದೆಯ ಮೇಲೆ ಕಲೆ ಮೊದಲಿಗಿಂತ ದೊಡ್ಡದಾಗಿದೆ ಅನಿಸಿತು. ಮರುದಿನ, "ರಾಣೆಬೆನ್ನೂರಿಗೆ ಹೋಗಿ ಬರ್ತೇನಿ, ದುರ್ಬೀನಿಗೆ ಬಿಳಿ ಬಟ್ಟಿ ತರೂದೈತಿ" ಎಂದು ಹೇಳಿ ಬಸ್ಸು ಹತ್ತಿದೆ. ಸುಳ್ಳಾಗಬಾರದೆಂದು ಮೊದಲು ಬಟ್ಟೆ ಕೊಂಡು, ಆಮೇಲೆ ಕಣ್ಣಿನ ದವಾಖಾನೆಗೆ ಹೋದೆ.

ನೋಟದ ಹರವು ಅಳೆಯುವ ಯಂತ್ರದ ಮುಂದೆ ಕೂರಿಸಿದರು. ಬಿಳಿ ಬೋಗುಣಿಯಂಥ ಗೂಡಿನೊಳಗೆ ಮುಖವಿಟ್ಟು ನಡುವಿನ ದೀಪವನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಸಣ್ಣ ಬೆಳಕು ಮಿಣುಕಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ನನಗೆ ಅದು ಆಕಾಶದಂತೆಯೇ ಕಂಡಿತು. ಇಲ್ಲಿ ಮಿಣುಕಿತೇ? ಅಲ್ಲಿ? ಕಾಣದೆ ಬಿಟ್ಟುಹೋಗುವ ಒಂದೊಂದು ಚುಕ್ಕಿಯೂ ನನ್ನ ಕಣ್ಣಿನಿಂದ ಹೋದ ಒಂದೊಂದು ತುಂಡು. ಹೆದರಿ ಒತ್ತಿದೆ, ಮತ್ತೆ ಒತ್ತಿದೆ.

ಯಂತ್ರ ನಡೆಸುವ ಹುಡುಗಿ ನನ್ನ ಹೆಗಲು ತಟ್ಟಿದಳು. "ಅಮ್ಮಾರ, ನಾ ಇನ್ನೂ ಚಾಲೂನ ಮಾಡಿಲ್ರಿ. ನೀವಾಗಲೇ ಒತ್ತಾಕ ಹತ್ತೀರಿ."

"ನಾನೂ ಸಿಸ್ಟರ್ ಇದ್ದಾಕಿನ ನೋಡವಾ."

"ಹಂಗಾರ ಮುಗೀತು. ಸಿಸ್ಟರ್ ಮಂದೀನ ಹೆಚ್ಚು ಕಳ್ಳಾಟ ಆಡ್ತಾರ್ರಿ. ಇಲ್ಲದ್ದಕ್ಕ ಒತ್ತಬ್ಯಾಡ್ರಿ, ಕಂಡದ್ದಕ್ಕ ಬಿಡಬ್ಯಾಡ್ರಿ."

ಉಸಿರು ಹಿಡಿದು ಮುಗಿಸಿದೆ. ಆಮೇಲೆ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ಡಾಕ್ಟರು ಒಳಗೆಲ್ಲ ನೋಡಿದರು. "ಬಲಗಣ್ಣಾಗ ನೀವು ಹೇಳೂವಂಥ ಕಲೆ ಎಲ್ಲೂ ಇಲ್ರಿ. ಒತ್ತಡ ಗಡಿಗೆ ಬಂದು ನಿಂತೈತಿ, ದಾಟಿಲ್ಲ. ನಿಮ್ಮ ತಾಯಿಗೆ ಇತ್ತು ಅಂತೀರಿ, ಅದಕ್ಕ ವರ್ಷದಾಗ ಎರಡು ಸಲ ಬಂದು ತೋರಿಸ್ರಿ. ಸದ್ಯಕ್ಕ ನರ ಚಲೋ ಐತಿ."

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕಣ್ಣಿನಲ್ಲಿ ಇಲ್ಲದ ಕಲೆ ನನಗೆ ಕಾಣುತ್ತಿದ್ದರೆ ಅದು ಇನ್ನೆಲ್ಲಿದೆ? ಮಿದುಳಿನಲ್ಲೇ? ಬಸ್ಸಿನಲ್ಲಿ ಕೂತವಳಿಗೆ ಥಿಯೇಟರಿನಲ್ಲಿ ಕಂಡ ತೆರೆದ ತಲೆಬುರುಡೆಗಳೆಲ್ಲ ನೆನಪಾದವು. ಹಿಗ್ಗಿದ ಪಾಪೆಗೆ ಬಿಸಿಲು ಸೂಜಿಯಂತೆ ಚುಚ್ಚುತ್ತಿತ್ತು. ಬ್ಯಾಡಗಿ ಬಂದಾಗ ಒಣಹಾಕಿದ ಕಾಯಿಯ ರಾಶಿಗಳು ಅಂಚೇ ಇಲ್ಲದ ಕೆಂಪು ಬೆಂಕಿಯಾಗಿ ಕಣ್ಣಿಗೆ ನುಗ್ಗಿದವು. ಸೆರಗು ಮುಖಕ್ಕೆ ಹಿಡಿದು, ಸೀನುತ್ತ, ಗೋಡೆ ಹಿಡಿದು ಮನೆ ಸೇರಿದೆ.

ಬಾಗಿಲು ತೆರೆದ ಯಜಮಾನರು ನನ್ನ ಮುಖ ನೋಡಿ ಹಿಂದೆ ಸರಿದರು. "ಇದೇನ, ಬೆಕ್ಕಿನ ಕಣ್ಣಾಗ್ಯಾವಲ್ಲ! ಬಟ್ಟಿ ಅಂಗಡಿಯಾಗ ಹನಿ ಹಾಕ್ತಾರೇನು?"

ಇನ್ನು ಮುಚ್ಚಿಡಲು ಆಗಲಿಲ್ಲ. ಲ್ಯಾಪ್‌ಟಾಪು ತೆರೆದೆ. ನನ್ನ ಹಿಗ್ಗಿದ ಪಾಪೆಗೆ ಪರದೆಯೆಲ್ಲ ಬರೀ ಬೆಳಕು. "ಈ ಚಿತ್ರದಾಗ ಬಲಕ್ಕ, ಒಂದೀಟು ಕೆಳಗ, ನಿಮಗ ಏನರ ಕಾಣತೈತೇನ್ರಿ?"

ಅವರು ಪರದೆಗೆ ಮುಖ ಹತ್ತಿರ ತಂದರು. ಹುಡುಕುತ್ತಿದ್ದಾರೆ ಎಂದುಕೊಂಡೆ. ಏನೂ ಕಾಣುತ್ತಿಲ್ಲ, ಹೇಳಲು ಮನಸ್ಸಾಗುತ್ತಿಲ್ಲ.

"ಗುಂಡಗ?" ಎಂದರು ಅವರು. ದನಿ ಅವರದಲ್ಲದಂತೆ ಇತ್ತು. "ಮಬ್ಬ, ಬೊಟ್ಟಿನಂಗ?"

"ಹೂಂ."

"ನಿನಗೂ ಕಾಣತೈತಿ?"

ಕುರ್ಚಿ ಎಳೆದು ಕೂತುಬಿಟ್ಟರು. ಆಂಡ್ರೊಮೆಡಾದ ಚಿತ್ರದಿಂದಲೇ ಅವರಿಗೂ ಅದು ಕಂಡಿತ್ತು. ನಾನು ಅದರ ಸುದ್ದಿ ಎತ್ತದೇ ಇದ್ದುದರಿಂದ ಅದು ನನಗೆ ಕಾಣುತ್ತಿಲ್ಲ, ತಮ್ಮ ಕಣ್ಣೇ ಕೆಟ್ಟಿದೆ ಎಂದುಕೊಂಡಿದ್ದರು. ಅಂಗಡಿಯಲ್ಲಿ ಒಂದೆರಡು ಸಲ ದರ್ಜೆ ಹೇಳಲು ಹಿಂದೆ ಮುಂದೆ ನೋಡಿದ್ದರಂತೆ. "ಮಾಲು ನೋಡಾಂವನ ಕಣ್ಣು ಹೋದ್ರ ಅಂವನ್ನ ಯಾರು ಕರೀತಾರ?"

"ಒಂದ ಮಾತು ಕೇಳಬಾರದಾಗಿತ್ತೇನ್ರಿ ನನ್ನ?"

"ನೀ ಕೇಳಿದೇನು?"

ಇಬ್ಬರೂ ನಗಲಿಲ್ಲ. ನಗು ಬರಲು ಇನ್ನೂ ಹೊತ್ತು ಬೇಕಿತ್ತು.

ಮರುದಿನ ಬೆಳಿಗ್ಗೆ ರಾಣೆಬೆನ್ನೂರಿನ ಹೊಸ ಬಟ್ಟೆಯನ್ನು ದುರ್ಬೀನಿನ ಬಾಯಿಗೆ ಬಿಗಿದೆ. ಅವರು ಒಂದು ತುದಿ ಹಿಡಿದರು. ಹಗಲಿನಲ್ಲಿ ತೆಗೆದ ಆ ಬಿಳಿ ಚಿತ್ರದ ಬಲಕ್ಕೆ, ತುಸು ಕೆಳಗೆ, ನೆರಳು ದುಂಡಗೆ ಕೂತಿತ್ತು. ಹಳೆಯ ಶುದ್ಧ ಚಿತ್ರದಲ್ಲಿ ಅದು ಇರಲಿಲ್ಲ. ಹಾಗಾದರೆ ಕಸ ಆಮೇಲೆ ಬಂದದ್ದು. ಕೈ ತೊಳೆದು, ಕ್ಯಾಮೆರಾ ಬಿಚ್ಚಿ, ಒಳಗಿನ ಗಾಜನ್ನು ಬೆಳಕಿಗೆ ಹಿಡಿದೆ. ಅದರ ಮೇಲೆ ಒಂದು ಚೂರು ಸಿಪ್ಪೆ. ಕೆಂಪಗೆ, ಸುಕ್ಕುಸುಕ್ಕಾಗಿ.

ಯಜಮಾನರು ನೋಡಿದರು, ನಾನೂ ಅವರನ್ನು ನೋಡಿದೆ. "ಅಕ್ಕ" ಎಂದರು.

ಅವರ ಅಕ್ಕ ನಮ್ಮ ಓಣಿಯವರೇ. ಹೊಸ ಗಾಡಿಗಾಗಲಿ ಹೊಸ ಹೊಲಿಗೆ ಯಂತ್ರಕ್ಕಾಗಲಿ ಅವರು ದೃಷ್ಟಿ ತೆಗೆಯದೆ ಬಿಡುವವರಲ್ಲ. ಆಂಡ್ರೊಮೆಡಾದ ಚಿತ್ರ ತೆಗೆಯುವ ಹಿಂದಿನ ದಿನ, ತಡವಾಗಿಯಾದರೂ ಸರಿಯೆಂದು, ಉಪ್ಪು, ಒಣಕಾಯಿ ಮುಷ್ಟಿಯಲ್ಲಿ ಹಿಡಿದು ಬಂದು ದುರ್ಬೀನಿನ ಸುತ್ತ ಇಳಿಸಿದ್ದರು. ಆಗ ಕ್ಯಾಮೆರಾ ಮುಚ್ಚಳವಿಲ್ಲದೆ ಮೇಜಿನ ಮೇಲೆ ಬಾಯಿ ತೆರೆದು ಕೂತಿತ್ತು. ಆಮೇಲೆ ಕಾಯಿಯನ್ನು ಒಲೆಗೆ ಹಾಕಿ, "ನೋಡವಾ, ಒಂಚೂರೂ ಘಾಟು ಬರಲಿಲ್ಲ. ಎಷ್ಟು ದೃಷ್ಟಿ ಆಗಿತ್ತು ನೋಡು" ಎಂದಿದ್ದರು. "ಬ್ಯಾಡಗಿ ಕಾಯಿಗೆ ಬಣ್ಣ ಬರತೈತಿ, ಘಾಟೆಲ್ಲಿಂದ ಬರಬೇಕಕ್ಕ?" ಎಂದು ಯಜಮಾನರು ನಕ್ಕಿದ್ದರು.

ಸಿಪ್ಪೆಯನ್ನು ಗಾಳಿ ಊದಿ ತೆಗೆದೆ. ಸುದ್ದಿ ತಿಳಿದ ಅಕ್ಕ ಒಪ್ಪಲಿಲ್ಲ. "ದೃಷ್ಟಿ ತಗದಿದ್ದಕ್ಕ ನಿಮ್ಮ ಕಣ್ಣು ಚಲೋ ಉಳದಾವು. ಇಲ್ಲಂದ್ರ ಖರೇನ ಹೋಗ್ತಿದ್ದುವು" ಎಂದರು. ಗಡಿಯ ಮೇಲೆ ನಿಂತ ಒತ್ತಡ ಇನ್ನೂ ನನ್ನ ಕಣ್ಣಿನೊಳಗೇ ಇತ್ತು.

ಆ ರಾತ್ರಿ ಆಂಡ್ರೊಮೆಡಾವನ್ನು ಮತ್ತೆ ತೆಗೆದೆವು. ಮರುದಿನ ಚಿತ್ರ ಸಿದ್ಧವಾದಾಗ, "ಮೊದಲ ನೀವು ಹೇಳ್ರಿ" ಎಂದೆ.

"ಇಲ್ಲ. ನಿನಗ?"

"ನನಗೂ ಇಲ್ಲ."

ಆದರೂ ಇಬ್ಬರೂ ಬಲಕ್ಕೆ, ತುಸು ಕೆಳಗೆ, ಬಹಳ ಹೊತ್ತು ನೋಡುತ್ತಲೇ ಇದ್ದೆವು.

ಅಷ್ಟರಲ್ಲಿ ಅಕ್ಕ ಮುಷ್ಟಿಯಲ್ಲಿ ಉಪ್ಪು, ಕಾಯಿ ಹಿಡಿದು ಬಾಗಿಲಲ್ಲಿ ನಿಂತರು. ಮೊದಲು ಎದ್ದು ಕ್ಯಾಮೆರಾಕ್ಕೆ ಮುಚ್ಚಳ ಬಿಗಿದೆ. ಆಮೇಲೆ ಯಜಮಾನರ ತೋಳು ಹಿಡಿದು ಚಾಪೆಯ ಮೇಲೆ ನನ್ನ ಪಕ್ಕ ಕೂರಿಸಿದೆ.

"ದುರ್ಬೀನಿಗೆ ಬ್ಯಾಡ್ರಿ ಅಕ್ಕಾರ. ನಮಗ ತಗೀರಿ."

"ಕಣ್ಣು ಮುಚ್ಚಗೋರಿ ಇಬ್ರೂ" ಎಂದರು ಅಕ್ಕ. ನಾನು ಮುಚ್ಚಲಿಲ್ಲ. ಪಕ್ಕಕ್ಕೆ ನೋಡಿದೆ. ಯಜಮಾನರೂ ಮುಚ್ಚಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.