ಸ್ಟೀಲ್ ಬಾಲ್ ಹಾಕಿಸಿಕೊಂಡ ದೊಡ್ಡವ್ವ

ದೊಡ್ಡವ್ವನ ಬೆರಳ ತುದಿಗಳು ಕಾಫಿ ಹಣ್ಣಿನ ಕಲೆಯಿಂದ ಸದಾ ಕಪ್ಪಗಿರುತ್ತಿದ್ದವು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನನ್ನನ್ನು ದೋಣಿಗಲ್ ಹತ್ತಿರದ ಎಸ್ಟೇಟ್ ಲೈನಿಗೆ, ಕೂಲಿಯವರ ಸಾಲುಮನೆಗೆ, ಕರೆತಂದು ಸಾಕಿದವಳು ಅವಳೇ. ಮೀಸೆ ಚಿಗುರುವ ವಯಸ್ಸಿನಲ್ಲಿ ನನ್ನನ್ನು ಚಿಕ್ಕ ಮಕ್ಕಳ ಜೊತೆ ಶಾಲೆಗೆ ಕಳಿಸಿದಳು. ಯಾರಾದರೂ ನಕ್ಕರೆ, "ನಗ್ಲಿ ಬುಡು, ಹಲ್ಲು ಅವರ್ದು" ಅನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ, ವಯಸ್ಸಾದ ಕಾಲದಲ್ಲಿ, ಲೈನಿನ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಕಾಲು ಎತ್ತಲಾಗಲಿಲ್ಲ. ಮುರಿದ ಮೂಳೆಗೆ ಪಟ್ಟು ಕಟ್ಟುವ ಮಗ್ಗೆ ಊರಿನ ನಾಟಿ ವೈದ್ಯರ ಹತ್ತಿರ ಹೋಗೋಣವೆಂದು ಹಟ ಹಿಡಿದಳು. ನಾನು ಜೀಪು ಮಾಡಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಎಕ್ಸ್‌ರೇ ನೋಡಿ ನನಗೆ ಹೇಳಿದರು: "ಸೊಂಟದ ಕೀಲಿನ ಹತ್ರ ಮೂಳೆ ಮುರಿದು ಜರುಗಿದೆ. ಸ್ಕ್ರೂ ಹಾಕಿ ಜೋಡಿಸಬಹುದು, ಆದ್ರೆ ಈ ವಯಸ್ಸಲ್ಲಿ ಕೂಡದೇ ಹೋದ್ರೆ ಮತ್ತೆ ಆಪರೇಷನ್. ಇಲ್ಲಾಂದ್ರೆ ಬಾಲ್ ತೆಗೆದು ಸ್ಟೀಲ್ ಬಾಲ್ ಹಾಕ್ತೀವಿ, ಬೇಗ ನಡೀತಾರೆ. ಸುಮ್ನೆ ಬಿಟ್ರೆ ಹಾಸಿಗೆಯಿಂದ ಏಳೋದು ಕಷ್ಟ."

ದೊಡ್ಡವ್ವ ನನ್ನ ಅಂಗಿ ಎಳೆದಳು. "ಬಾಲ ಹಾಕ್ತಾರಂತಲ್ಲೋ. ನಾನೇನು ಕೋತಿಯೇನ್ಲಾ? ನಡಿ ಮನೆಗೆ."

ಡಾಕ್ಟರು ನಗಲಿಲ್ಲ. ಮೇಜಿನ ಮೇಲಿದ್ದ ಮೂಳೆಯ ಗೊಂಬೆ ತಂದು ತೋರಿಸಿದರು. "ಬಾಲ ಅಲ್ಲ ಅಜ್ಜಿ, ಗುಂಡು. ಇದು ಈ ಗುಳಿಯೊಳಗೆ ತಿರುಗಿದ್ರೆ ತಾನೇ ನೀವು ನಡೆಯೋದು? ಆದ್ರೆ ಆಮೇಲೆ ನೆಲದ ಮೇಲೆ ಕೂರೋ ಹಾಗಿಲ್ಲ. ಕುರ್ಚಿನೇ."

ಅವಳ ಮುಖ ಬಾಡಿದ್ದು ಆಗ. ಲೈನಿನವರು ಎಸ್ಟೇಟಿನ ಸಾಹುಕಾರರ ಮುಂದೆ ಕುರ್ಚಿಯಲ್ಲಿ ಕೂತದ್ದೇ ಇಲ್ಲ. "ನೋಡ್ದೋರು ಏನಂದ್ಕತಾರೆ?" ಅಂದಳು.

"ನಗ್ಲಿ ಬುಡು ದೊಡ್ಡವ್ವ, ಹಲ್ಲು ಅವರ್ದು" ಅಂದೆ.

ಹಿಡಿದಿದ್ದ ನನ್ನ ಅಂಗಿ ಬಿಟ್ಟು, "ಹಾಕ್ಸು" ಅಂದಳು.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಸಾಹುಕಾರರು ನೋಡಲು ಬಂದರು. ದೊಡ್ಡವ್ವ ಕುರ್ಚಿಯಲ್ಲಿದ್ದಳು. ಅಭ್ಯಾಸಬಲದಿಂದ ಏಳಹೋದವಳು ಅರ್ಧಕ್ಕೇ ನಿಂತು ಮತ್ತೆ ಕೂತಳು. "ತಪ್ಪು ತಿಳ್ಕಬ್ಯಾಡಿ ಸಾವ್ಕಾರ್ರೇ, ಡಾಕ್ಟ್ರು ಕೆಳಗೆ ಕೂರ್ಬ್ಯಾಡ ಅಂದವ್ರೆ. ಲೇ, ಸಾವ್ಕಾರ್ರಿಗೊಂದು ಕುರ್ಚಿ ತಗಂಬಾ." ನಮ್ಮಲ್ಲಿ ಇದ್ದದ್ದು ಅದೊಂದೇ. ಸಾಹುಕಾರರು ನಿಂತುಕೊಂಡೇ ಮಾತಾಡಿ ಹೋದರು.

ಆಮೇಲೆ ಹಲವು ವರ್ಷ ಕೋಲೂರಿಕೊಂಡು ನಡೆದಳು. ತೀರಿಕೊಂಡ ದಿನ ಬೆಳಿಗ್ಗೆಯೂ ನಲ್ಲಿಯ ತನಕ ತಾನೇ ಹೋಗಿ ಮುಖ ತೊಳೆದು ಬಂದಿದ್ದಳು. ಆ ಡಾಕ್ಟರನ್ನು ನೆನೆದು ಈಗಲೂ ಕೈಮುಗಿಯುತ್ತೇನೆ. ಆದರೆ ಅಷ್ಟು ಹೆದರಿಕೆಯಲ್ಲೂ "ಹಾಕ್ಸು" ಅಂದವಳು ದೊಡ್ಡವ್ವ. ಅದರಿಂದ ಅವಳು ನನ್ನ ಜೊತೆ ಅಷ್ಟು ವರ್ಷ ಇದ್ದಳು.