ತಡೆಯಲ್ವಂತೆ

೨೦೨೫ರ ಫೆಬ್ರವರಿ ೧೩, ಗುರುವಾರ ಸಂಜೆ, ನಾನು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ದಿನಾಂಕಕ್ಕೆ ಆಧಾರ, ಅಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ ನಾಗರಾಜ ನನ್ನ ಫೋನಿಗೆ ಕಳಿಸಿದ್ದ ನಮ್ಮ ಮನೆಯ ಮೀಟರ್ ಬೋರ್ಡಿನ ಚಿತ್ರ. ನನ್ನ ನೆನಪಿನಲ್ಲಿ ಅದು ಶುಕ್ರವಾರವಾಗಿತ್ತು. ಚಿತ್ರದ ತಾರೀಖನ್ನು ಕ್ಯಾಲೆಂಡರಿನೊಂದಿಗೆ ಹೋಲಿಸಿ ತಿದ್ದಿಕೊಂಡೆ. ಸುಳ್ಳು ಹೇಳಿದ ವಾರವನ್ನು ಹೀಗೆ ತಿದ್ದಬಹುದು. ಸುಳ್ಳನ್ನು—

ಅಕ್ಕ, ಜಯಮ್ಮ, ನನಗಿಂತ ಆರು ವರ್ಷ ಹಿರಿಯಳು. ಬಸವೇಶ್ವರನಗರದ ಈ ಮನೆ ಅವಳದು. ಕೆಳಗೆ ಅವಳಿದ್ದಾಳೆ, ಮೇಲಿನ ಪೋರ್ಷನ್ನಿನಲ್ಲಿ ನಾನು. ನಾನು ಶಾಸನ ಸಂಶೋಧಕನಾಗಿ ನಿವೃತ್ತನಾದವನು. ಕಾರು ಓಡಿಸುವುದನ್ನು ಕಲಿಯಲೇ ಇಲ್ಲ. ಕಲ್ಲುಗಳನ್ನು ಹುಡುಕಿ ಊರೂರು ಅಲೆಯುತ್ತಿದ್ದ ದಿನಗಳಲ್ಲಿ ಎಷ್ಟೋ ಸಲ ನನ್ನನ್ನು ಕೂರಿಸಿಕೊಂಡು ಓಡಿಸಿದವಳು ಅವಳೇ. ಶಾಸನದ ಅಕ್ಷರಗಳ ಪ್ರತಿ ತೆಗೆಯುವ ಕಾಗದದ ಇನ್ನೊಂದು ತುದಿ ಹಿಡಿದು ಬಿಸಿಲಲ್ಲಿ ನಿಂತವಳೂ ಅವಳೇ.

ಕೆಂಗೇರಿಯ ಆಚೆ, ನಮ್ಮ ಹಿರಿಯರ ಹೊಲದಲ್ಲಿ ಬಡಾವಣೆಗಳು ತಿಂದು ಉಳಿಸಿದ ಒಂದು ತುಂಡು ನೆಲವಿತ್ತು. ಅಕ್ಕ ಅಲ್ಲಿ ಸೊಪ್ಪು, ಕನಕಾಂಬರ ಬೆಳೆಯುತ್ತಿದ್ದಳು. ದಿನ ಬಿಟ್ಟು ದಿನ, ಹಳೆಯ ಕಾರಿನ ಡಿಕ್ಕಿಗೆ ಗೊಬ್ಬರದ ಮೂಟೆ ಹಾಕಿಕೊಂಡು ತಾನೇ ಓಡಿಸಿಕೊಂಡು ಹೋಗಿಬರುವಳು. ಆ ಕಾರಿಗೆ ವಯಸ್ಸಾಗಿತ್ತು. ಒಂದು ನಿವೇಶನ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಆಗ ಅವಳ ಕಣ್ಣು ಪ್ಲಗ್-ಇನ್ ಹೈಬ್ರಿಡ್ ಎಂಬ ಹೊಸ ಬಗೆಯ ಕಾರಿನ ಮೇಲೆ ಬಿತ್ತು. ಮನೆಯ ಸಾಕೆಟ್ಟಿನಲ್ಲಿ ಚಾರ್ಜ್ ಮಾಡಿಕೊಂಡರೆ ಊರೊಳಗಿನ ಓಡಾಟವೆಲ್ಲ ಕರೆಂಟಿನಲ್ಲಿ. ಅದು ತೀರಿದರೆ ಪೆಟ್ರೋಲ್.

“ಲೇ ಪುಟ್ಟಾ, ಕಲ್ಲು ಓದೋ ಹಾಗೆ ಇದನ್ನೂ ಓದಿ ಹೇಳೋ. ಅಂಗಡಿಯೋರು ಹೇಳೋದೆಲ್ಲ ಬರೀ ಪ್ರಶಸ್ತಿ. ನಂಗೆ ಗಡಿ ಎಲ್ಲೈತೆ ಅಂತ ಬೇಕು,” ಎಂದಳು. ಶಾಸನದ ಮೊದಲ ಭಾಗದಲ್ಲಿ ಪ್ರಶಸ್ತಿ, ಅಂದರೆ ರಾಜನ ಹೊಗಳಿಕೆ, ಆಮೇಲೆ ಕೊಟ್ಟ ಭೂಮಿಯ ಎಲ್ಲೆ ಎಂಬುದನ್ನು ನನ್ನಿಂದಲೇ ಕಲಿತವಳು.

ನಾನು ಓದಿದೆ, ಸುಳ್ಳು ಹೇಳಲು ಓದಿದ್ದಲ್ಲ, ಇದನ್ನು ದಯವಿಟ್ಟು ನಂಬಬೇಕು. ನಿವೃತ್ತಿಯ ನಂತರ ಯಾವುದೂ ನನ್ನನ್ನು ಅಷ್ಟು ಹಿಡಿದು ಕೂರಿಸಿರಲಿಲ್ಲ. ಸಂಸ್ಕೃತ ಮತ್ತು ಕನ್ನಡ ಎರಡನ್ನೂ ಒಂದೇ ಕಲ್ಲಿನಲ್ಲಿ ಕಂಡರಿಸಿದ ಶಾಸನಗಳಿರುತ್ತವೆ. ಈ ಕಾರೂ ಹಾಗೆಯೇ, ಒಂದು ಮೈಯಲ್ಲಿ ಎರಡು ಭಾಷೆ. ಯಾವುದು ಎಲ್ಲಿ ನಿಲ್ಲುತ್ತದೆ, ಇನ್ನೊಂದು ಎಲ್ಲಿ ಶುರುವಾಗುತ್ತದೆ? ಬ್ರೇಕ್ ಒತ್ತಿದಾಗ ಪೋಲಾಗುವ ಶಕ್ತಿಯನ್ನು ಅದು ಮತ್ತೆ ಬ್ಯಾಟರಿಗೆ ತುಂಬಿಕೊಳ್ಳುತ್ತದೆ ಎಂದು ತಿಳಿದಾಗ, ನಮ್ಮ ಮಾಗಡಿ ರಸ್ತೆಯ ಸಿಗ್ನಲ್‌ಗಳೆಲ್ಲ ಅದಕ್ಕೆ ಹಬ್ಬದೂಟವಲ್ಲವೇ ಎಂದು ಒಬ್ಬನೇ ನಕ್ಕೆ. ಅದರ ಇನ್ನೊಂದು ಮಗ್ಗುಲನ್ನೂ ಬರೆದುಕೊಂಡೆ. ಎರಡು ಯಂತ್ರ ಹೊರುವುದರಿಂದ ತೂಕ ಹೆಚ್ಚು. ಚಾರ್ಜ್ ಮಾಡದೆ ಓಡಿಸಿದರೆ ಆ ತೂಕವನ್ನು ಪೆಟ್ರೋಲೇ ಎಳೆಯಬೇಕು. ಡಿಕ್ಕಿಯ ಜಾಗವನ್ನು ಬ್ಯಾಟರಿ ಕಚ್ಚಿಕೊಳ್ಳುತ್ತದೆ.

ರಾಜಾಜಿನಗರದ ಮಳಿಗೆಯಲ್ಲಿ ಅಕ್ಕ ಮೊದಲು ತೆರೆಸಿದ್ದು ಡಿಕ್ಕಿಯನ್ನು. “ಎರಡು ಮೂಟೆ ಗೊಬ್ಬರ ಹಿಡಿಯುತ್ತೇನಪ್ಪ?” ಎಂದು ಕೇಳಿದಳು. ಆ ಯುವಕ ಕ್ಷಣ ಗಲಿಬಿಲಿಗೊಂಡು, “ಗಾಲ್ಫ್ ಬ್ಯಾಗ್ ಹಿಡಿಯುತ್ತೆ ಆಂಟಿ,” ಎಂದ. “ಅದೆಷ್ಟು ಕೆಜಿ ಬರುತ್ತೆ?” ಎಂದಳು ಅಕ್ಕ, ನಿಜವಾಗಿಯೂ ತಿಳಿಯಲೆಂದು.

ಬೆಲೆ ಕೇಳಿ ನಾನು ಎರಡು ಲೋಟ ನೀರು ಕುಡಿದೆ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಹೆಚ್ಚು ಕೊಟ್ಟದ್ದು ಉಳಿತಾಯದಲ್ಲಿ ವಾಪಸು ಬರುವುದು ಅನುಮಾನವೆಂದೆ. “ವಾಪಸ್ ಬರ್ಲಿ ಅಂತ ಯಾರ್ ಕೇಳಿದ್ರು? ಕನಕಾಂಬರದಲ್ಲಿ ಬಂದೈತಾ?” ಎಂದಳು. ಅಂದೇ ನನಗೆ ತಿಳಿಯಿತು: ಹಣದ ಮಾತು ಅವಳನ್ನು ತಡೆಯುವುದಿಲ್ಲ. ಅಷ್ಟೇ ಅಲ್ಲ, ನನ್ನ ಎಲ್ಲ ಲೆಕ್ಕದ ಕೊನೆಯಲ್ಲಿ ಆ ಕಾರು ಅವಳಿಗೇ ಹೊಲಿಸಿದಂತಿತ್ತು. ಕೆಂಗೇರಿಗೆ ಹೋಗಿಬರುವಷ್ಟು ದೂರ ಒಂದು ಚಾರ್ಜಿನಲ್ಲಿ ಮುಗಿಯುತ್ತಿತ್ತು. ಉಳಿದದ್ದು ಸಾಕೆಟ್ಟಿನ ಪ್ರಶ್ನೆಯೊಂದೇ.

ನಾಗರಾಜ ಲಗ್ಗೆರೆಯಿಂದ ಬಂದು ನೋಡಿದ. ಅಕ್ಕ ಹೊಲಕ್ಕೆ ಹೋಗಿದ್ದಳು. “ಪೋರ್ಟಿಕೋಗೆ ಬೇರೆ ಲೈನ್ ಎಳೆದು ಹದಿನೈದು ಆಂಪ್ಸ್ ಪಾಯಿಂಟ್ ಕೊಟ್ರೆ ಆಯ್ತು ಸಾರ್. ಎರಡು ಗೀಸರ್ ತಡೆಯೋ ಮನೆ, ಇದನ್ನ ತಡೆಯಲ್ವಾ?” ಎಂದ.

ಸಂಜೆ ಅಕ್ಕ ಸೊಪ್ಪು ಸೋಸುತ್ತಾ ಕುಳಿತಿದ್ದಳು. ನಾಗರಾಜ ಏನಂದ ಎಂದು ಕೇಳಿದಳು.

“ವೈರಿಂಗ್ ತಡೆಯಲ್ವಂತೆ, ಅಕ್ಕ.”

ಹೊಸದಾಗಿ ಮಾಡಿಸಿದರೆ ಎಂದಳು. ಗೋಡೆಯೆಲ್ಲ ಒಡೆಯಬೇಕಂತೆ ಎಂದೆ.

ಈ ‘ಅಂತೆ’ಯ ಮುಂದೆ ನಾನು ಸ್ವಲ್ಪ ನಿಲ್ಲಬೇಕು. ಮೂವತ್ತು ವರ್ಷ ವಿದ್ಯಾರ್ಥಿಗಳ ಬರಹದಲ್ಲಿ ಈ ಎರಡಕ್ಷರ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಅಂಚಿನಲ್ಲಿ ‘ಯಾರು ಹೇಳಿದ್ದು?’ ಎಂದು ಬರೆದವನು ನಾನು. ಕನ್ನಡದಲ್ಲಿ ಹೇಳುವವನು ತನ್ನ ಮಾತಿನಿಂದ ತಾನೇ ಹೊರಗೆ ನಿಲ್ಲಲು ಇಷ್ಟು ಸಣ್ಣ ಬಾಗಿಲು ಇನ್ನೊಂದಿಲ್ಲ. ನಾನು ಆ ಬಾಗಿಲಿನಿಂದ ಹೊರಟುಹೋದೆ, ಒಳಗೆ ನಾಗರಾಜನನ್ನು ನಿಲ್ಲಿಸಿ. ಅಕ್ಕ ಯಾರು ಹೇಳಿದ್ದೆಂದು ಮತ್ತೆ ಕೇಳಲಿಲ್ಲ. “ಹೋಗ್ಲಿ ಬಿಡು. ನೀನು ನೋಡಿದ ಮೇಲೆ ಇನ್ನೇನು,” ಎಂದು ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿದಳು. ಈ ವಯಸ್ಸಿನಲ್ಲಿ ಬೇರೆ ಕಾರಾದರೂ ಯಾಕೆ ಎಂದು ಅವಳೇ ಅಂದಾಗ ನಾನು ಹಾಗನ್ನಬೇಡ ಎನ್ನಲಿಲ್ಲ. ಆ ಮೌನವೂ ಸುಳ್ಳಿನ ಜೊತೆಗೇ ಸೇರಬೇಕು.

ಹಳೆಯ ಕಾರು ಆ ಬೇಸಿಗೆಯಲ್ಲಿ ಮಾರಾಟವಾಯಿತು. ಕೆಲವು ತಿಂಗಳು ಅಕ್ಕ ಆಟೋದಲ್ಲಿ ಹೋಗಿಬಂದಳು. ಗೊಬ್ಬರದ ಮೂಟೆ ನೋಡಿ ಯಾರೂ ನಿಲ್ಲಿಸುತ್ತಿರಲಿಲ್ಲ. ಈಗ ಆ ನೆಲವನ್ನು ಒಬ್ಬರು ಗಾಡಿ ನಿಲ್ಲಿಸಲು ಬಾಡಿಗೆಗೆ ಹಿಡಿದಿದ್ದಾರೆ. ಕನಕಾಂಬರದ ಮಡಿಗಳ ಮೇಲೆ ಜಲ್ಲಿ ಹಾಸಿದೆ. ಕಾರುಗಳು ಸಾಲಾಗಿ ನಿಂತಿರುತ್ತವೆ. ಬೆಳಿಗ್ಗೆ ಎದ್ದರೆ ಅಕ್ಕನಿಗೆ ಹೋಗಲು ಒಂದು ಜಾಗವಿಲ್ಲ. ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾಳೆ, ಓದಿದ್ದನ್ನೇ ಮತ್ತೆ ಓದುತ್ತಾಳೆ.

ಯಾಕೆ ಹೇಳಿದೆ ಎಂಬುದನ್ನು ಬರೆಯುತ್ತೇನೆ, ನೆಪವಾಗಿ ಅಲ್ಲ. ನಾನು ತೂಗಿದ್ದು ಕಾರನ್ನು, ಬೇಡವೆಂದದ್ದು ಅಕ್ಕನನ್ನು. ಅದಕ್ಕೂ ಹಿಂದಿನ ಡಿಸೆಂಬರಿನಲ್ಲಿ ಮಾಗಡಿ ರಸ್ತೆಯ ಸಿಗ್ನಲ್ ಹತ್ತಿರ ಅವಳ ಕಾರು ಮುಂದಿದ್ದ ಆಟೋಗೆ ತಾಗಿತ್ತು. ನಾನು ಪಕ್ಕದಲ್ಲಿದ್ದೆ. ಮಡಿಲಲ್ಲಿ ಒಂದು ಲೇಖನದ ಕರಡು. ಒಮ್ಮೆಲೇ ಕುಲುಕಾಟ, ಹಾಳೆಗಳು ಕಾಲ ಬುಡಕ್ಕೆ ಜಾರಿದವು. ತಲೆಯೆತ್ತಿದರೆ ಮುಂದಿನ ಗಾಜಿಗೆ ತೀರ ಹತ್ತಿರ ಆಟೋ, ಅದರ ಚಾಲಕ ಹೊರಳಿ ನಮ್ಮತ್ತ ಕೂಗುತ್ತಿದ್ದ. ಅಕ್ಕ ಇಳಿದು ಹೋಗಿ ಏನೋ ಮಾತಾಡಿ ಬಂದಳು. ಏನಿಲ್ಲ, ಸ್ವಲ್ಪ ತಾಗಿತು ಎಂದಳು. ನಾನು ಹಾಳೆಗಳನ್ನು ಜೋಡಿಸುತ್ತಿದ್ದೆ. ಅವಳು ಬ್ರೇಕ್ ಒತ್ತುವುದು ತಡವಾಯಿತು, ಕಣ್ಣಿಗೂ ಕಾಲಿಗೂ ವಯಸ್ಸಾಯಿತು ಎಂದು ಅಲ್ಲಿಯೇ ತೀರ್ಮಾನಿಸಿದೆ. ಇನ್ನು ಓಡಿಸಬೇಡ ಎಂದು ಮುಖಕ್ಕೆ ಹೇಳುವ ಧೈರ್ಯವಿರಲಿಲ್ಲ. ನನ್ನನ್ನು ಜೀವಮಾನವೆಲ್ಲ ಓಡಿಸಿದವಳಿಗೆ ಹೇಗೆ—

ಇದನ್ನು ಅಚ್ಚಿಗೆ ಕೊಡುವ ಮೊದಲು ಅಕ್ಕನ ಎದುರು ಕುಳಿತು ಓದುತ್ತೇನೆ. ಒಂದು ಕಡೆಯೂ ‘ಅಂತೆ’ಯ ಹಿಂದೆ ನಿಲ್ಲದೆ.

ಒಂದು ಟಿಪ್ಪಣಿ ಉಳಿಯಿತು. ಮಾಗಡಿ ರಸ್ತೆಯ ಘಟನೆಯ ತಾರೀಖು ಖಚಿತಪಡಿಸಿಕೊಳ್ಳಲು ನಿನ್ನೆ ಕಾರಿನ ಹಳೆಯ ಫೈಲು ತೆಗೆದೆ. ವಿಮೆಗೆ ಸಲ್ಲಿಸಿದ ಅರ್ಜಿಯ ನಕಲು ಅದರಲ್ಲಿದೆ. ರಿಪೇರಿಯಾದದ್ದು ಹಿಂದಿನ ಬಂಪರ್ ಮತ್ತು ಡಿಕ್ಕಿಯ ಬಾಗಿಲು. ಮುಂಭಾಗಕ್ಕೆ ಏನೂ ಆಗಿಲ್ಲ. ಘಟನೆಯ ವಿವರ ಅಕ್ಕನ ಕೈಬರಹದಲ್ಲಿದೆ. ಅದನ್ನು ಇದ್ದಂತೆಯೇ ಇಳಿಸುತ್ತಿದ್ದೇನೆ: “ಸಿಗ್ನಲಿನಲ್ಲಿ ಗಾಡಿ ನಿಲ್ಲಿಸಿದ್ದೆ. ಹಿಂದಿನಿಂದ ಗೂಡ್ಸ್ ಗಾಡಿ ಬಂದು ಗುದ್ದಿತು. ನಮ್ಮ ಗಾಡಿ ಜರುಗಿ ಮುಂದಿನ ಆಟೋಗೆ ಸ್ವಲ್ಪ ತಾಗಿತು. ಪಕ್ಕದಲ್ಲಿ ನನ್ನ ತಮ್ಮ ಇದ್ದ. ಅವನು ಓದುತ್ತಿದ್ದ, ನೋಡಿಲ್ಲ.”